ಕತ್ತಲೆಗೆ ಕೊಟ್ಟ ಕಾಸು

"ಒಂಬತ್ತು ಇಂಚು ಅಂದ್ರೆ ಒಂಬತ್ತೇ ಇಂಚಾ ಮೇಡಂ, ಒಂಚೂರು ಹೆಚ್ಚೂಕಡಿಮೆ ಆದ್ರೆ ನಡೀತದಾ?" ನಮ್ಮ ಬೀದಿಯ ಬಡಗಿ ಕಿವಿಯಿಂದ ಪೆನ್ಸಿಲ್ ತೆಗೆಯುತ್ತ ಕೇಳಿದ. ನಡೆಯುವುದಿಲ್ಲ ಅಂದೆ. ಅಡುಗೆಮನೆಯ ಶೆಲ್ಫಿಗಾದರೆ ಇಷ್ಟು ಹಟ ಮಾಡುತ್ತಿರಲಿಲ್ಲ. ಎರಡು ಪ್ಲೈವುಡ್ ತುಂಡು, ಅವೆರಡನ್ನೂ ಜೋಡಿಸುವ ಒಂದು ಬಿಜಾಗ್ರಿ, ಮೇಲಿನ ಹಲಗೆಯನ್ನು ಕೆಳಗಿನಿಂದ ಎತ್ತಲು ಆರು ಮಿಲಿಮೀಟರ್ ದಪ್ಪದ, ತಿರುಪಿನ ಮರೆಯಿರುವ ಕಬ್ಬಿಣದ ಕಡ್ಡಿ. ಬಿಜಾಗ್ರಿಯ ನಡುಕಡ್ಡಿಯಿಂದ ಈ ಕಬ್ಬಿಣದ ಕಡ್ಡಿಗೆ ಇರಬೇಕಾದ ದೂರವೇ ಆ ಒಂಬತ್ತು ಇಂಚು. "ಇದೇನು, ಇಲಿ ಬೋನಾ?" ಅಂದ ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನು.

ಲೆಕ್ಕ ಸರಳವಾಗಿದೆ. ಭೂಮಿ ತನ್ನ ಸುತ್ತ ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತಿನಲ್ಲಿ ನಕ್ಷತ್ರಗಳೂ ನಮ್ಮ ಕಣ್ಣಿಗೆ ಒಂದು ಸುತ್ತು ತಿರುಗಿದಂತೆ ಕಾಣುತ್ತವೆ. ಆರು ಮಿಲಿಮೀಟರಿನ ಮಾಮೂಲಿ ಕಡ್ಡಿಯನ್ನು ಒಂದು ಸುತ್ತು ತಿರುಗಿಸಿದರೆ ಅದು ಸರಿಯಾಗಿ ಒಂದು ಮಿಲಿಮೀಟರ್ ಮೇಲೇರುತ್ತದೆ. ನಿಮಿಷಕ್ಕೊಂದು ಸುತ್ತು ತಿರುಗಿಸುತ್ತ ಹೋದರೆ, ಒಂಬತ್ತು ಇಂಚು ದೂರದ ಬಿಜಾಗ್ರಿಯಲ್ಲಿ ಹಲಗೆ ಬಿಚ್ಚಿಕೊಳ್ಳುವ ವೇಗ ಆಕಾಶ ತಿರುಗುವ ವೇಗಕ್ಕೆ ಕೂಡಿಬರುತ್ತದೆ. ಹಲಗೆಯ ಮೇಲೆ ಕೂರಿಸಿದ ಕ್ಯಾಮೆರಾ ನಕ್ಷತ್ರಗಳ ಜೊತೆಯಲ್ಲೇ ಸಾಗುತ್ತದೆ. ಸ್ಕಾಟ್ಲೆಂಡಿನ ಜಾರ್ಜ್ ಹೇಗ್ ಎಂಬ ಹವ್ಯಾಸಿ ಇದನ್ನು ರೂಪಿಸಿದ, 1975ರಲ್ಲಿ ಅಮೆರಿಕದ 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಯಲ್ಲಿ ಅದರ ನಕ್ಷೆ ಅಚ್ಚಾಯಿತು. ಪೇಟೆಯಲ್ಲಿ ಇದೇ ಕೆಲಸವನ್ನು ಮೋಟಾರಿನಿಂದ ಮಾಡುವ ಪೆಟ್ಟಿಗೆಗಳಿವೆ, ಆದರೆ ಬೆಲೆ ನನ್ನ ತಿಂಗಳ ಸಂಬಳಕ್ಕೆ ಹತ್ತಿರ. ಬಡಗಿಯ ಕೂಲಿಯೂ ಸೇರಿ ನನ್ನ ಇಲಿ ಬೋನಿಗೆ ತಗುಲಿದ್ದು ಒಂದು ಸಾಧಾರಣ ಸೀರೆಯ ದುಡ್ಡು.

ಕ್ಯಾಮೆರಾ ಯಾರೋ ಬಳಸಿ ಬಿಟ್ಟದ್ದು. ಹಳೆಯ ಮಾದರಿಯ ಡಿಎಸ್‌ಎಲ್‌ಆರ್, ಜೊತೆಗೆ ಬರುವ 18–55ರ ಲೆನ್ಸ್, ಆಮೇಲೆ ಕೊಂಡ 50 ಮಿಲಿಮೀಟರಿನ ಇನ್ನೊಂದು ಸೆಕೆಂಡ್‌ಹ್ಯಾಂಡ್ ಲೆನ್ಸ್. ಈಗಿನವರು ಮೂಸಿಯೂ ನೋಡದ ಮಾದರಿ, ಆದರೆ ನಕ್ಷತ್ರಗಳಿಗೆ ಮಾದರಿಯ ಹಂಗಿಲ್ಲ. ಟ್ರೈಪಾಡ್ ಮಾತ್ರ ಭಾರದ್ದನ್ನೇ ಆರಿಸಿದೆ. ಹೊಸಬರು ಮೊದಲು ದುಡ್ಡು ಕಳೆದುಕೊಳ್ಳುವುದು ಟೆಲಿಸ್ಕೋಪಿನಲ್ಲಿ. ಆನ್‌ಲೈನ್ ಅಂಗಡಿಗಳಲ್ಲಿ ನಾಲ್ಕೈದು ಸಾವಿರಕ್ಕೆ ಸಿಗುವ, ಡಬ್ಬಿಯ ಮೇಲೆ ಶನಿಯ ಬಣ್ಣದ ಚಿತ್ರವಿರುವ ಆ ಕೊಳವೆಗಳ ಕಾಲುಗಳು ಗಾಳಿ ಬೀಸಿದರೆ ನಡುಗುತ್ತವೆ. ಅದೇ ದುಡ್ಡಿಗೆ ಹಳೆಯ 50ರ ಲೆನ್ಸ್ ಕೊಂಡವರು ಸುಖಿಗಳು. ಉಳಿದದ್ದೆಲ್ಲ ಪುಕ್ಕಟೆ: ಯಾವ ನಕ್ಷತ್ರ ಎಷ್ಟು ಗಂಟೆಗೆ ಎಲ್ಲಿ ಏಳುತ್ತದೆಂದು ಹೇಳುವ ಸ್ಟೆಲೇರಿಯಂ, ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವ ಸಿರಿಲ್, ತಿದ್ದಲು ಗಿಂಪ್.

ಅಂಗಡಿಯಲ್ಲಿ ಸಿಗದ ಒಂದೇ ಒಂದು ಸಾಮಾನೆಂದರೆ ಕತ್ತಲೆ. ಬೆಂಗಳೂರಿನ ನಮ್ಮ ಮಹಡಿಯ ಮೇಲೆ ಕ್ಯಾಮೆರಾದ ಕಣ್ಣನ್ನು ಮೂವತ್ತು ಸೆಕೆಂಡ್ ತೆರೆದಿಟ್ಟರೆ ಬರುವುದು ಹಾಲಿಗೆ ಅರಿಶಿನ ಬೆರೆಸಿದ ಬಣ್ಣದ ಚೌಕ. ಚಂದ್ರನನ್ನು, ಗುರುಗ್ರಹವನ್ನು ನಗರದಿಂದಲೇ ಹಿಡಿಯಬಹುದು, ಅವು ಬೀದಿದೀಪಕ್ಕೆ ಅಂಜುವುದಿಲ್ಲ. ನೀಹಾರಿಕೆ, ಆಕಾಶಗಂಗೆಗಳ ಬೆಳಕು ಮಾತ್ರ ಊರಿನ ಬೆಳಕಿನೊಳಗೆ ಕರಗಿಹೋಗುತ್ತದೆ. ಮೊದಲು ಹಳದಿ ಸೋಡಿಯಂ ದೀಪಗಳಿದ್ದಾಗ ಆ ಒಂದು ಬಣ್ಣವನ್ನು ಸೋಸುವ ಗಾಜು ಹಾಕಿ ಅಷ್ಟಿಷ್ಟು ಬಚಾವಾಗಬಹುದಿತ್ತು. 2015ರಲ್ಲಿ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ವಿದ್ಯುತ್ ಉಳಿಯಿತು, ಸರಿ. ಆದರೆ ಬಿಳಿ ಎಲ್‌ಇಡಿಯಲ್ಲಿ ಎಲ್ಲ ಬಣ್ಣವೂ ಇರುವುದರಿಂದ ಸೋಸುವುದೇನನ್ನು? ಹಾಗಾಗಿ ಕೈಯಲ್ಲಿ ಹತ್ತು ಸಾವಿರ ಇದ್ದರೆ ಅದರಲ್ಲಿ ಲೆನ್ಸ್ ಬದಲಿಸುವುದಕ್ಕಿಂತ ರೈಲು ಹತ್ತುವುದು ಲಾಭ ಎಂಬ ತೀರ್ಮಾನಕ್ಕೆ ನಾನು ಬಂದು ಬಹಳ ಕಾಲವಾಯಿತು.

ಆದರೆ ಕತ್ತಲೆಯ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಜೊತೆಯ ಹವ್ಯಾಸಿ ಹುಡುಗರು ಬೈಕಿನಲ್ಲಿ ಹೊರಟು ಯಾವುದೋ ಕೆರೆ ಏರಿಯ ಮೇಲೆ ರಾತ್ರಿ ಕಳೆದು ಬರುತ್ತಾರೆ. ನಾನು ಹಾಗೆ ಹೋಗಲಾರೆ. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಕಾಲುವೆ ದಂಡೆಯಲ್ಲಿ, ಊಟ ಮುಗಿಸಿ ನಕ್ಷತ್ರ ನೋಡುತ್ತ ಕುಳಿತಿದ್ದವರ ಮೇಲೆ ದಾಳಿ ನಡೆಯಿತು. ಇಬ್ಬರು ಹೆಂಗಸರ ಮೇಲೆ ಅತ್ಯಾಚಾರವಾಯಿತು, ಜೊತೆಯಲ್ಲಿದ್ದ ಯುವಕನೊಬ್ಬ ಕಾಲುವೆಯಲ್ಲಿ ಸತ್ತ. ಆ ಸುದ್ದಿ ಓದಿದ ದಿನ ನಮ್ಮಮ್ಮ ನನ್ನ ಟ್ರೈಪಾಡನ್ನು ಅಟ್ಟಕ್ಕೇರಿಸಿದ್ದರು. ಅವರನ್ನು ದೂರುವಂತಿರಲಿಲ್ಲ. ಅಂದಿನಿಂದ ನಾನು ಜಾಗ ಹುಡುಕುವಾಗ ಎಷ್ಟು ಕತ್ತಲೆಯಿದೆ ಎಂಬುದರ ಜೊತೆಗೆ ಮೆಟ್ಟಿಲಿಗೆ ಬಾಗಿಲಿದೆಯೇ, ಅಗುಳಿ ಇದೆಯೇ, ಕೆಳಗೆ ಮನೆಮಂದಿ ಇದ್ದಾರೆಯೇ ಎಂದೂ ನೋಡುತ್ತೇನೆ. ಕತ್ತಲೆಯ ನಕ್ಷೆಗಳನ್ನು ಮಾಡುವವರಾರೂ ಈ ಗುರುತನ್ನು ಹಾಕುವುದಿಲ್ಲ.

ಶಿವರಾತ್ರಿಯ ಯೋಚನೆ ಬಂದದ್ದು ಹೀಗೆ. ಮಾಘ ಬಹುಳ ಚತುರ್ದಶಿ, ಅಂದರೆ ಅಮಾವಾಸ್ಯೆಯ ಹಿಂದಿನ ರಾತ್ರಿ. ಚಂದ್ರ ಬೆಳಗಿನ ಜಾವ ಗೆರೆಯಷ್ಟು ಕಂಡರೆ ಹೆಚ್ಚು. ಮಳೆಗಾಲದ ಮೋಡವಿಲ್ಲ, ಬೇಸಿಗೆಯ ಧೂಳು ಇನ್ನೂ ಎದ್ದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಆ ರಾತ್ರಿ ಊರಿಗೆ ಊರೇ ಎಚ್ಚರವಿರುತ್ತದೆ, ಹೆಂಗಸೊಬ್ಬಳು ನಡುರಾತ್ರಿ ಮಾಳಿಗೆಯ ಮೇಲೆ ಓಡಾಡಿದರೆ ಯಾಕೆಂದು ಯಾರೂ ಕೇಳುವುದಿಲ್ಲ. ನಮ್ಮ ಹಬ್ಬಗಳಲ್ಲಿ ಇದೊಂದೇ ನಕ್ಷತ್ರ ಹಿಡಿಯುವವರ ಪರವಾಗಿರುವುದು. ದೀಪಾವಳಿಯೂ ಅಮಾವಾಸ್ಯೆಯೇ, ಆದರೆ ಆ ಹೊಗೆಗೆ, ದೀಪಕ್ಕೆ ಕ್ಯಾಮೆರಾ ಹೊರತೆಗೆಯುವುದು ದಂಡ. 2026ರಲ್ಲಿ ಫೆಬ್ರವರಿ 15ಕ್ಕೆ, ಭಾನುವಾರ ಶಿವರಾತ್ರಿ ಬಂತು. ಆನೆಗುಂದಿಯ ಪರಿಚಿತರ ಮನೆಗೆ ಫೋನ್ ಮಾಡಿ ಜಾಗರಣೆಗೆ ಬರುತ್ತೇನೆ ಅಂದೆ. ಸುಳ್ಳೇನಲ್ಲ.

ಹಂಪಿ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬೋಗಿಗೆ ಮುನ್ನೂರು ರೂಪಾಯಿ ಆಸುಪಾಸು. ಬಳ್ಳಾರಿ ದಾಟಿದ ಮೇಲೆ ಎಚ್ಚರವಾಯಿತು. ತೋರಣಗಲ್ಲು ಹತ್ತಿರವಾದಂತೆ ಕಿಟಕಿಯಾಚೆ ಬೆಳಗಾಗುವ ಮೊದಲೇ ಬೆಳಗಾಗಿತ್ತು. ಉಕ್ಕಿನ ಕಾರ್ಖಾನೆಯ ಚಿಮಣಿಗಳು, ಕುಲುಮೆಯ ಕೆಂಪು, ಮೈಲಿಗಟ್ಟಲೆ ಬಿಳಿ ದೀಪ. ಎದುರಿನ ಬರ್ತಿನ ಮಗು ಎದ್ದು "ಜಾತ್ರಿ!" ಅಂದಿತು. ನಾನು ಫೋನಿನ ನಕ್ಷೆ ತೆಗೆದು ಅಳೆದೆ. ಆನೆಗುಂದಿಯಿಂದ ನೋಡಿದರೆ ಈ ಜಾತ್ರೆ ಇರುವುದು ಆಗ್ನೇಯಕ್ಕೆ, ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಆಕಾಶಗಂಗೆಯ ನಡುಭಾಗ, ಧನು ರಾಶಿಯ ಆ ದಟ್ಟ ಮೋಡ, ನಮ್ಮ ಅಕ್ಷಾಂಶದಲ್ಲಿ ಏಳುವುದೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ. ನೈರುತ್ಯಕ್ಕೆ ಹೊಸಪೇಟೆ, ಈಶಾನ್ಯಕ್ಕೆ ಗಂಗಾವತಿ. ಅಂತರ್ಜಾಲದಲ್ಲಿ ಹಂಪಿಯ ಕಲ್ಲುಗಳ ಮೇಲೆ ಆಕಾಶಗಂಗೆ ಹರಿಯುವ ಚಿತ್ರಗಳನ್ನು ನೋಡಿ ಇಲ್ಲಿ ಕಗ್ಗತ್ತಲೆ ಇದೆಯೆಂದು ನಂಬಿ ಬರುವವರಿಗೆ ಇದನ್ನು ಹೇಳಬೇಕು. ಬೆಂಗಳೂರಿಗೆ ಹೋಲಿಸಿದರೆ ಸ್ವರ್ಗ, ಲಡಾಖಿನ ಹಾನ್ಲೆಗೆ ಹೋಲಿಸಿದರೆ ಪೇಟೆ ಬೀದಿ. ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ನಮ್ಮ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರಿನ ದೂರದರ್ಶಕವಿದೆ, ಅದನ್ನು ಉಪಗ್ರಹದ ಮೂಲಕ ನಡೆಸುವುದು ಬೆಂಗಳೂರು ಪಕ್ಕದ ಹೊಸಕೋಟೆಯಿಂದ. 2022ರಲ್ಲಿ ಆ ಪ್ರದೇಶವನ್ನು ಕತ್ತಲೆಯ ಆಕಾಶಕ್ಕೆಂದೇ ಮೀಸಲಿಟ್ಟರು. ಅಲ್ಲಿಗೆ ಹೋಗಿಬರುವ ಖರ್ಚಿನಲ್ಲಿ ಆನೆಗುಂದಿಗೆ ಎಷ್ಟು ಸಲ ಬರಬಹುದೆಂದು ಲೆಕ್ಕ ಹಾಕಿಯೇ ನಾನು ಇತ್ತ ಬಂದದ್ದು.

ಹಗಲು ಕಳೆಯಬೇಕಿತ್ತು, ಹಂಪಿಗೆ ಹೋದೆ. ವಿರೂಪಾಕ್ಷನ ಗುಡಿಯಲ್ಲಿ ಶಿವರಾತ್ರಿಯ ನೂಕುನುಗ್ಗಲು. ಗರ್ಭಗುಡಿಯ ಹಿಂದಿನ ಆ ಕತ್ತಲೆ ಕೋಣೆಗೆ ತಲುಪುವ ಹೊತ್ತಿಗೆ ಕೈಯಲ್ಲಿದ್ದ ಬಾಳೆಹಣ್ಣು ಹಿಟ್ಟಾಗಿತ್ತು. ಗೋಡೆಯಲ್ಲೊಂದು ಕಿಂಡಿ, ಎದುರು ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬಿದ್ದಿದೆ. ಹೊರಗೆ ಐವತ್ತು ಮೀಟರ್ ಎತ್ತರಕ್ಕೆ ನಿಂತದ್ದು ಇಲ್ಲಿ ಅಂಗೈ ಅಗಲಿಸಿ ಮುಚ್ಚಬಹುದಾದಷ್ಟು. ಗೋಪುರದ ತುದಿಯಿಂದ ಬಂದ ಕಿರಣ ಕಿಂಡಿ ದಾಟಿ ನೇರ ಕೆಳಕ್ಕೆ ಹೋಗುತ್ತದೆ, ಬುಡದಿಂದ ಬಂದದ್ದು ಮೇಲಕ್ಕೆ. ಎಲ್ಲರೂ ಪವಾಡವೆಂದು ಕೈಮುಗಿಯುತ್ತಿದ್ದರು. ನಾನೂ ಮುಗಿದೆ, ಬೇರೆ ಕಾರಣಕ್ಕೆ. ಲೆನ್ಸಿಲ್ಲದೆ, ಬ್ಯಾಟರಿಯಿಲ್ಲದೆ ನಡೆಯುವ ಈ ಕ್ಯಾಮೆರಾ ಕೆಲಸ ಮಾಡುತ್ತಿರುವುದು ಕೋಣೆ ಕತ್ತಲಾಗಿರುವುದರಿಂದ. ಯಾರೋ ಮೊಬೈಲಿನ ಟಾರ್ಚ್ ಹಾಕಿದರು, ಗೋಪುರ ಮಾಯವಾಯಿತು. "ಏ, ಆರ್ಸೋ ಅದನ್ನ!" ಎಂದು ಹಿಂದಿನಿಂದ ಯಾರೋ ಗದರಿದರು. ಬೀದಿದೀಪದ ವಿಷಯದಲ್ಲಿ ಹೀಗೆ ಗದರುವವರು ಯಾಕೆ ಹುಟ್ಟಲಿಲ್ಲವೋ.

ತಳವಾರಘಟ್ಟದಿಂದ ದೋಣಿ ಹತ್ತಿ ತುಂಗಭದ್ರೆ ದಾಟಿದರೆ ಆನೆಗುಂದಿ. ವಿಜಯನಗರಕ್ಕಿಂತ ಹಳೆಯ ಊರು, ರಾಮಾಯಣದ ಕಿಷ್ಕಿಂಧೆ ಇದೇ ಎನ್ನುವ ನಂಬಿಕೆಯಿಂದ ಅಂಜನಾದ್ರಿಗೆ ಜನ ಹರಿದುಬರುತ್ತಾರೆ. ನದಿಯ ಈಚೆ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಕೆಡವಿದ ಮೇಲೆ ಪ್ರವಾಸಿಗರ ಸಂತೆ ಸಾಣಾಪುರದ ಕಡೆಗೆ ಸರಿದಿದೆ. ನಾನಿಳಿದ ಮನೆ ಊರೊಳಗಿನದು. ಮನೆಯ ಯಜಮಾನಿ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನಾನು ಅಕ್ಕ ಅನ್ನುತ್ತೇನೆ. ಚೀಲದಿಂದ ಪ್ಲೈವುಡ್ ಹೊರಬಂದದ್ದು ನೋಡಿ "ಇದೇನ ತಂಗೆವ್ವ, ಶ್ಯಾವಿಗಿ ಮಣಿ ತಂದೀಯೇನು?" ಎಂದರು. ಬೆಂಗಳೂರಲ್ಲಿ ಇಲಿ ಬೋನು, ಇಲ್ಲಿ ಶ್ಯಾವಿಗೆ ಮಣೆ.

ಮಾಳಿಗೆ ಚೆನ್ನಾಗಿತ್ತು. ದಕ್ಷಿಣಕ್ಕೆ ನದಿ, ಅದರಾಚೆ ಬಂಡೆಗಳ ಸಾಲು, ದೊಡ್ಡ ಊರು ಯಾವುದೂ ನೇರ ಅಡ್ಡ ಬರುವುದಿಲ್ಲ. ತೊಂದರೆ ಎದುರಿನ ಕಂಬದ ಬೀದಿದೀಪದ್ದು, ನೇರ ಮುಖಕ್ಕೇ ಬಡಿಯುತ್ತಿತ್ತು. ಹಬ್ಬದ ರಾತ್ರಿ ಅದನ್ನು ಆರಿಸಿ ಎಂದು ಯಾರನ್ನು ಕೇಳುವುದು? ಅಕ್ಕನ ಮಗ, ಪಿಯುಸಿ ಓದುವ ಹುಡುಗ, ಬಟ್ಟೆ ಒಣಗಿಸುವ ತಂತಿಯ ಮೇಲೆ ಕರೀ ಕಂಬಳಿ ಹರವಿ ಎರಡು ಕಡೆ ಕಲ್ಲು ಕಟ್ಟಿದ. ಮಾಳಿಗೆಯ ಅರ್ಧ ಭಾಗ ಕತ್ತಲಾಯಿತು. ಕುರಿಯ ಉಣ್ಣೆಯ ನೇಯ್ಗೆಯಿಂದ ಒಂದು ಚುಕ್ಕೆ ಬೆಳಕೂ ಸೋರಲಿಲ್ಲ. ಅಂಗಡಿಯಲ್ಲಿ ಇದಕ್ಕೂ ಒಂದು ಹೆಸರಿಟ್ಟು ದುಬಾರಿ ಬೆಲೆಗೆ ಮಾರುತ್ತಿರಬಹುದು.

ಬಿಜಾಗ್ರಿಯ ಕಡ್ಡಿ ಧ್ರುವ ನಕ್ಷತ್ರವನ್ನು ನೋಡುವಂತೆ ಹಲಗೆಯನ್ನು ಕೂರಿಸಬೇಕು, ಈ ಯಂತ್ರದ ಮರ್ಮವೆಲ್ಲ ಅಷ್ಟರಲ್ಲಿದೆ. ಹೇಗ್‌ನ ಸ್ಕಾಟ್ಲೆಂಡಿನಲ್ಲಿ ಧ್ರುವ ಅರ್ಧ ಆಕಾಶಕ್ಕೂ ಮೇಲಿರುತ್ತದೆ. ಆನೆಗುಂದಿಯಲ್ಲಿ ಅದು ದಿಗಂತದಿಂದ ಬರೀ 15 ಡಿಗ್ರಿ, ತೋಳು ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಉತ್ತರಕ್ಕೊಂದು ಗುಡ್ಡವಿದ್ದರೆ ಮುಗಿಯಿತು. ವಿದೇಶದವರ ವಿಡಿಯೊ ನೋಡಿ ಹಲಗೆಯನ್ನು ಎತ್ತರಕ್ಕೆ ವಾಲಿಸುವ ನಮ್ಮವರು ಚಿತ್ರವೆಲ್ಲ ಯಾಕೆ ಗೀರು ಗೀರಾಗುತ್ತಿದೆ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಬಿಜಾಗ್ರಿ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಮಲಗಿರಬೇಕು. ಬಂಡೆಯ ಅಂಚಿನಿಂದ ಧ್ರುವ ಎರಡು ಬೆರಳು ಮೇಲೆ ಕಂಡ. ಜ್ಯೂಸಿನ ಕೊಳವೆಯೊಂದನ್ನು ಬಿಜಾಗ್ರಿಯ ಪಕ್ಕ ಅಂಟಿಸಿದ್ದೆ, ಅದರ ತೂತಿನಲ್ಲಿ ಅವನನ್ನು ಹಿಡಿದು ಟ್ರೈಪಾಡ್ ಬಿಗಿಮಾಡಿದೆ. ಅಗಲ ನೋಟದ ಲೆನ್ಸಿಗೆ ಇಷ್ಟು ಸಾಕು.

ಎಂಟೂಕಾಲರ ಹೊತ್ತಿಗೆ ಮಹಾವ್ಯಾಧ, ಅಂದರೆ ಓರಿಯನ್, ನೆತ್ತಿಯ ಹತ್ತಿರ ನಿಂತಿದ್ದ. ಅವನ ಎಡಕ್ಕೆ ಲುಬ್ಧಕ, ದಕ್ಷಿಣದಲ್ಲಿ ಅಗಸ್ತ್ಯ, ಮೇಲೆ ಮಿಥುನದಲ್ಲಿ ಗುರು. ಪಂಚಾಂಗದಲ್ಲಿ ಬರೆದದ್ದು ಆಕಾಶದಲ್ಲಿ ಹಾಗೆಯೇ ಇರುವುದನ್ನು ಕಂಡು ಹುಡುಗನಿಗೆ ನನಗಿಂತ ಹೆಚ್ಚು ಆಶ್ಚರ್ಯ. ಕ್ಯಾಮೆರಾದ ಪರದೆಯಲ್ಲಿ ಲುಬ್ಧಕನನ್ನು ಹತ್ತುಪಟ್ಟು ಹಿಗ್ಗಿಸಿ, ಅದು ಸೂಜಿಮೊನೆಯಾಗುವ ತನಕ ಫೋಕಸ್ ಉಂಗುರ ತಿರುಗಿಸಿ, ಮತ್ತೆ ಅಲುಗದಂತೆ ಟೇಪ್ ಸುತ್ತಿದೆ. 50ರ ಲೆನ್ಸ್ ಪೂರ್ತಿ ತೆರೆದರೆ ಮೂಲೆಯ ನಕ್ಷತ್ರಗಳು ರೆಕ್ಕೆ ಬಿಚ್ಚಿಕೊಳ್ಳುತ್ತವೆ, 2.8ಕ್ಕೆ ಇಳಿಸಿದರೆ ಮಡಚಿಕೊಳ್ಳುತ್ತವೆ. ಹಲಗೆಯಿಲ್ಲದೆ ಬರಿಯ ಟ್ರೈಪಾಡಿನ ಮೇಲಾದರೆ ಈ ಲೆನ್ಸಿಗೆ ನಾಲ್ಕೈದು ಸೆಕೆಂಡು ಮಿತಿ, ಅದರಾಚೆ ಚುಕ್ಕೆ ಗೆರೆಯಾಗುತ್ತದೆ. ಹಲಗೆಯ ಮೇಲೆ ಒಂದು ನಿಮಿಷ ಆರಾಮವಾಗಿ ತೆರೆದಿಡಬಹುದು.

ಹುಡುಗನಿಗೆ ಇದೆಲ್ಲ ನೋಡಿ ಕೈ ತುರಿಸಿತು. ಅವನ ಮೊಬೈಲನ್ನು ಪ್ಯಾರಾಪೆಟ್ಟಿನ ಮೇಲೆ ಎರಡು ಇಟ್ಟಿಗೆಯ ನಡುವೆ ಒರಗಿಸಿ, ಪ್ರೊ ಮೋಡ್‌ನಲ್ಲಿ ಹತ್ತು ಸೆಕೆಂಡ್ ಇಟ್ಟು, ಬೆರಳು ತಾಗಿ ಅಲುಗದಂತೆ ಟೈಮರ್ ಹಾಕಿಕೊಟ್ಟೆ. ಬಂದ ಚಿತ್ರದಲ್ಲಿ ವ್ಯಾಧನ ಸೊಂಟದ ಮೂರು ಚುಕ್ಕೆ, ಕತ್ತಿಯ ನಡುವೆ ಒಂದು ಮಬ್ಬು. "ಅಕ್ಕಾರ, ಇಲ್ಲಿ ಕೊಳಿ ಕುಂತೈತಿ" ಎಂದು ಪರದೆ ಒರೆಸಿದ. ಹೋಗಲಿಲ್ಲ. ಆ ಕೊಳೆ ಸಾವಿರದ ಮುನ್ನೂರು ಜ್ಯೋತಿರ್ವರ್ಷಕ್ಕೂ ದೂರದಲ್ಲಿರುವ, ನಕ್ಷತ್ರಗಳು ಹುಟ್ಟುತ್ತಿರುವ ಮೋಡ. 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನ ಹೆನ್ರಿ ಡ್ರೇಪರ್ ಇದರ ಮೊದಲ ಫೋಟೊ ತೆಗೆದಾಗ ಹನ್ನೊಂದು ಇಂಚಿನ ದೂರದರ್ಶಕ ಬೇಕಾಯಿತು, ಪ್ಲೇಟಿಗೆ 51 ನಿಮಿಷ ಬೆಳಕು ಕುಡಿಸಬೇಕಾಯಿತು. ಡ್ರೇಪರ್ ವೈದ್ಯ, ಅನುಕೂಲಸ್ಥ. ಇಲ್ಲಿ ಇಟ್ಟಿಗೆಯೆರಡು ಆನೆಗುಂದಿಯವು.

ಹಲಗೆಯ ಕಡ್ಡಿಗೆ ನಾನೊಂದು ತಗಡಿನ ಬಿಲ್ಲೆ ಸಿಕ್ಕಿಸಿ ನಾಲ್ಕು ಗುರುತು ಹಾಕಿದ್ದೇನೆ. ಗಡಿಯಾರದ ಸೆಕೆಂಡ್ ಮುಳ್ಳು ಕಾಲು ಸುತ್ತು ಹೋದಂತೆ ಬಿಲ್ಲೆಯೂ ಕಾಲು ಸುತ್ತು. ಹನ್ನೆರಡು ನಿಮಿಷಕ್ಕೊಮ್ಮೆ ಕಡ್ಡಿಯನ್ನು ಹಿಂದಕ್ಕೆ ಇಳಿಸಿ ಮತ್ತೆ ಶುರುಮಾಡಬೇಕು, ಇಲ್ಲದಿದ್ದರೆ ನೇರ ಕಡ್ಡಿಯ ಲೆಕ್ಕ ವೃತ್ತದ ಲೆಕ್ಕದಿಂದ ದೂರ ಸರಿಯುತ್ತದೆ. ಬೇಸರದ ಕೆಲಸ, ನಿದ್ದೆ ತೂಗುವ ಕೆಲಸ. ಆದರೆ ಆ ರಾತ್ರಿ ನಿದ್ದೆ ಮಾಡಬಾರದೆಂದು ಸಂಕಲ್ಪ ಮಾಡಿದವರೇ ಸುತ್ತ ಕೂತಿದ್ದರು. ಒಂದು ಆವರ್ತನ ಪೂಜೆ ಮುಗಿಸಿದ ಅಕ್ಕ, ಅವರ ಅತ್ತೆ, ಪಕ್ಕದ ಮನೆಯ ಇಬ್ಬರು ಚಾಪೆ ಹಾಸಿಕೊಂಡು ಶೇಂಗಾ, ಖರ್ಜೂರದ ತಟ್ಟೆಯೊಂದಿಗೆ ಮೇಲೆ ಬಂದರು. ಗುಡಿಯಿಂದ ಭಜನೆ ತೇಲಿ ಬರುತ್ತಿತ್ತು. ಒಬ್ಬರಾದ ಮೇಲೊಬ್ಬರು ಬಿಲ್ಲೆ ತಿರುಗಿಸಿದರು. ಅಕ್ಕನ ಕೈ ನನ್ನದಕ್ಕಿಂತ ಹದವಾಗಿತ್ತು, ಅವರು ತಿರುಗಿಸಿದ ಚಿತ್ರಗಳಲ್ಲಿ ಹಾಳಾದವು ಕಡಿಮೆ.

ಅಕ್ಕನ ಅತ್ತೆ, ಮನೆಯ ಅಜ್ಜಿ, ಮಾತ್ರ ಸುಮ್ಮನೆ ಮೇಲೆ ನೋಡುತ್ತಿದ್ದರು. ವ್ಯಾಧನ ತಲೆಯ ಕಡೆ ಬೆರಳು ತೋರಿಸಿ ಅದೇ ಮೃಗಶಿರ, ಅಗೋ ಆ ಕೆಂಪನೆಯದು ಆರಿದ್ರಾ ಅಂದೆ.

"ಮಿರಗ ಅಂದ್ರ ಮಳಿ ಅಲ್ಲೇನವ್ವ? ಅದಕ್ಕ ಆಕಾಶದಾಗ ಒಂದು ಮಾರಿನೂ ಐತೇನು?"

ಎಂಬತ್ತು ದಾಟಿದ ಒಕ್ಕಲಗಿತ್ತಿ, ಇಪ್ಪತ್ತೇಳು ಮಳೆಗಳನ್ನೂ ಗಾದೆಯ ಸಮೇತ ಹೇಳಬಲ್ಲವರು, ಆ ಹೆಸರಿನ ನಕ್ಷತ್ರವನ್ನು ಗುರುತಿಸಿರಲಿಲ್ಲ. ಅದು ಅವರ ತಪ್ಪಲ್ಲ. ಜೂನ್ ಎರಡನೇ ವಾರದಲ್ಲಿ ಮೃಗಶಿರ ಮಳೆ ಹೂಡುವುದೆಂದರೆ ಸೂರ್ಯ ಆ ನಕ್ಷತ್ರದ ನೆರೆಗೆ ಬಂದಿದ್ದಾನೆಂದು. ಆಗ ಮೃಗಶಿರ ಹಗಲಲ್ಲಿ ಸೂರ್ಯನ ಜೊತೆ ಹುಟ್ಟಿ ಜೊತೆಯಲ್ಲೇ ಮುಳುಗುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ನಕ್ಷತ್ರ ಕಾಣುವ ಚಳಿಗಾಲದಲ್ಲಿ ಅದರ ಮಳೆ ಇರುವುದಿಲ್ಲ. ಇದನ್ನು ಹೇಗೋ ಬಿಡಿಸಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಅಡಿಕೆ ಅಗಿದರು.

"ಹಂಗಾದ್ರ ಮಳಿ ತರಾಕ ಹೋದಾಗ ಮನ್ಯಾಗ ಇರಂಗಿಲ್ಲ ಅನ್ನು."

ಇದಕ್ಕಿಂತ ಅಚ್ಚುಕಟ್ಟಾಗಿ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಎರಡು ಗಂಟೆ ದಾಟಿದ ಮೇಲೆ ಚಿತ್ರಗಳು ಮಸುಕಾದವು. ಲೆನ್ಸಿನ ಮೇಲೆ ಇಬ್ಬನಿ. ಆನೆಗುಂದಿಯ ಸುತ್ತ ವಿಜಯನಗರದ ಕಾಲದ ಕಾಲುವೆಗಳು ಈಗಲೂ ಹರಿಯುತ್ತವೆ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಎರಡನೇ ಬೆಳೆಗೆ ನೀರು ನಿಂತ ಗದ್ದೆಗಳಿರುತ್ತವೆ, ಒಣ ಸೀಮೆಯೆಂದು ಹೆಸರಾದರೂ ಇಲ್ಲಿನ ಬೆಳಗಿನ ಜಾವ ತೇವ. ಬ್ಯಾಟರಿಯಲ್ಲಿ ಬಿಸಿಯಾಗುವ ಪಟ್ಟಿಗಳು ಪೇಟೆಯಲ್ಲಿವೆ, ನನ್ನಲ್ಲಿರಲಿಲ್ಲ. ಸೊಂಟನೋವಿಗೆ ಕೊಡುವಂತೆ ಉಪ್ಪಿನ ಶಾಖ ಕೊಡೋಣವೆಂದು ಅಕ್ಕ ಎದ್ದರು. ಉಪ್ಪು ಲೋಹಕ್ಕೆ ಹಗೆ, ಬೇಡ ಅಂದೆ. ಹಾಗಾದರೆ ಜೋಳ ಎಂದು ಹಂಚಿನ ಮೇಲೆ ಎರಡು ಹಿಡಿ ಜೋಳ ಬಿಸಿಮಾಡಿ, ಉದ್ದನೆಯ ಬಟ್ಟೆಯಲ್ಲಿ ಸುತ್ತಿ ತಂದರು. ಲೆನ್ಸಿನ ಕುತ್ತಿಗೆಗೆ ಅದನ್ನು ಮಫ್ಲರಿನಂತೆ ಕಟ್ಟಿದೆವು. ಗಾಜು ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಸಾಕು, ಇಬ್ಬನಿ ಕೂರುವುದಿಲ್ಲ. ಮುಕ್ಕಾಲು ಗಂಟೆಗೊಮ್ಮೆ ಜೋಳ ಬದಲಾಯಿತು.

ನಾಲ್ಕರ ಸುಮಾರಿಗೆ ದಕ್ಷಿಣಕ್ಕೆ ಕ್ಯಾಮೆರಾ ತಿರುಗಿಸಿದೆ. ದಕ್ಷಿಣ ಭಾರತದಲ್ಲಿ ಹುಟ್ಟಿದ್ದಕ್ಕೆ ಈ ಹವ್ಯಾಸದಲ್ಲಿ ಸಿಗುವ ಬಳುವಳಿ ಅಲ್ಲಿದೆ. ಧ್ರುವ ಕೆಳಗಿರುವುದರ ಇನ್ನೊಂದು ಮುಖವೆಂದರೆ ದಕ್ಷಿಣದ ಆಕಾಶ ನಮಗೆ ಹೆಚ್ಚು ತೆರೆದುಕೊಳ್ಳುವುದು. ತ್ರಿಶಂಕು, ಅಂದರೆ ದಕ್ಷಿಣದ ಶಿಲುಬೆ, ಬಂಡೆಗಳ ಮೇಲೆ ನೆಟ್ಟಗೆ ನಿಂತು ಆಗಷ್ಟೇ ಪಶ್ಚಿಮಕ್ಕೆ ವಾಲುತ್ತಿತ್ತು. ಲಂಡನ್ನಿನವರಿಗೆ ಇದು ಯಾವತ್ತೂ ಏಳುವುದಿಲ್ಲ. ಅದರ ಎಡಕ್ಕೆ, ಮೇಲೆ, ಬರಿಗಣ್ಣಿಗೆ ಒರೆಸಿದಂಥ ಒಂದು ಚುಕ್ಕೆ: ಒಮೇಗಾ ಸೆಂಟಾರಿ. ಟಾಲೆಮಿ ಅದನ್ನು ನಕ್ಷತ್ರವೆಂದೇ ಪಟ್ಟಿಗೆ ಸೇರಿಸಿದ್ದ, 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಎಡ್ಮಂಡ್ ಹ್ಯಾಲಿ ಅದು ಬೇರೇನೋ ಎಂದು ಗುರುತಿಸಿದ. ಸುಮಾರು ಒಂದು ಕೋಟಿ ನಕ್ಷತ್ರಗಳು ಒತ್ತಿಕೊಂಡಿರುವ ಗೋಲ ಅದು, ನಮ್ಮ ಆಕಾಶಗಂಗೆಯ ಇಂಥ ಗುಚ್ಛಗಳಲ್ಲೆಲ್ಲ ದೊಡ್ಡದು. ಯುರೋಪಿನ ಹವ್ಯಾಸಿಗಳು ಇದಕ್ಕಾಗಿ ವಿಮಾನ ಹತ್ತಿ ನಮೀಬಿಯಾಕ್ಕೆ ಹೋಗುತ್ತಾರೆ. ಇಲ್ಲಿ ಅದು ದಿಗಂತದಿಂದ 27 ಡಿಗ್ರಿ ಮೇಲೆ, ಅಕ್ಕನ ಮಾಳಿಗೆಯ ಎದುರಿಗೇ ನಿಂತಿರುತ್ತದೆ. ನಮ್ಮವರ ಚಿತ್ರಗಳಲ್ಲಿ ಆಂಡ್ರೊಮಿಡಾ ಕಾಣುವಷ್ಟು ಇದು ಕಾಣುವುದಿಲ್ಲ, ಯಾಕೆಂದರೆ ನಾವು ಕಲಿಯುವ ಪುಸ್ತಕ, ವಿಡಿಯೊಗಳೆಲ್ಲ ಉತ್ತರದವರವು. ಕಡಿಮೆ ಸಾಮಾನಿನವರು ಮೊದಲು ಹಿಡಿಯಬೇಕಾದ್ದು ಇದನ್ನು. ಪ್ರಕಾಶ ಚೆನ್ನಾಗಿದೆ, ಗಾತ್ರ ದೊಡ್ಡದು, 50ರ ಲೆನ್ಸಿನಲ್ಲೂ ಚುಕ್ಕೆಯಲ್ಲ, ಉಂಡೆ ಎಂದು ತಿಳಿಯುತ್ತದೆ.

ಅಷ್ಟರಲ್ಲಿ ಆಗ್ನೇಯದಲ್ಲಿ ಜ್ಯೇಷ್ಠಾ ಕೆಂಪಗೆ ಮೇಲೇರಿತ್ತು, ವೃಶ್ಚಿಕದ ಕೊಂಡಿಯ ಹಿಂದೆ ಆಕಾಶಗಂಗೆಯ ನಡುಭಾಗ ಎದ್ದಿತ್ತು. ಎದ್ದದ್ದು ತೋರಣಗಲ್ಲಿನ ಬೆಳಕಿನೊಳಗೇ. ದಿಗಂತದಿಂದ ಹತ್ತು ಹದಿನೈದು ಡಿಗ್ರಿಯವರೆಗೆ ಕಂಚಿನ ಬಣ್ಣ, ಅದರ ಮೇಲೆ ಆಕಾಶಗಂಗೆ. ಐದು ಗಂಟೆಗೆ ಅದು ಬೆಳಕಿನ ಗೋಡೆ ದಾಟಿ ಬಿಡಿಸಿಕೊಂಡಿತು. ಐದೂವರೆಗೆ ಸೂರ್ಯನ ಮೊದಲ ಮಸುಕು ಬೆಳಕು ಹರಡಿ ಆಟ ಮುಗಿಯಿತು. ನಡುವೆ ಸಿಕ್ಕಿದ್ದು ಅರ್ಧ ಗಂಟೆಯಷ್ಟೆ. ಗೆರೆಯಷ್ಟು ಚಂದ್ರ ಏಳುವ ಹೊತ್ತಿಗೆ ಅಕ್ಕ ಚಾಪೆ ಮಡಚಿ ಸ್ನಾನಕ್ಕೆ ನೀರು ಕಾಯಿಸಲು ಇಳಿದಿದ್ದರು. ಹುಡುಗ ಪ್ಯಾರಾಪೆಟ್ಟಿಗೆ ಒರಗಿ ಗೊರಕೆ ಹೊಡೆಯುತ್ತಿದ್ದ, ಅವನ ಜಾಗರಣೆಯ ಪುಣ್ಯ ಎಷ್ಟು ಗಂಟೆಗೆ ಕೈತಪ್ಪಿತೋ.

ಬೆಂಗಳೂರಿಗೆ ಬಂದ ಮೇಲೆ ಕೆಲಸದ ಇನ್ನೊಂದು ಅರ್ಧ. ಒಂದೊಂದೇ ಚಿತ್ರ ನೋಡಿದರೆ ನಿರಾಸೆಯಾಗುತ್ತದೆ, ಕಾಳು ಕಾಳು ತುಂಬಿದ ಚಿತ್ರ. ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದಾಗ ನಕ್ಷತ್ರದ ಬೆಳಕು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿರುವುದರಿಂದ ಉಳಿಯುತ್ತದೆ, ಕಾಳುಗಳು ಎಲ್ಲೆಂದರಲ್ಲಿ ಬಿದ್ದಿರುವುದರಿಂದ ಒಂದನ್ನೊಂದು ಅಳಿಸುತ್ತವೆ. ಲಾಭ ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು. ನಾಲ್ಕು ಚಿತ್ರಕ್ಕೆ ಎರಡು ಪಟ್ಟು, ನೂರಕ್ಕೆ ಹತ್ತು ಪಟ್ಟು. ಅಂದರೆ ಮೊದಲ ಒಂದು ಗಂಟೆಯಲ್ಲಿ ಸಿಕ್ಕಷ್ಟನ್ನು ಮತ್ತೆ ದುಪ್ಪಟ್ಟು ಮಾಡಬೇಕಿದ್ದರೆ ಒಟ್ಟು ನಾಲ್ಕು ಗಂಟೆ ತಿರುಗಿಸಬೇಕು. ದುಡ್ಡಿದ್ದವರು ಇದನ್ನು ದೊಡ್ಡ ಲೆನ್ಸಿನಿಂದ ಕೊಳ್ಳುತ್ತಾರೆ, ಇಲ್ಲದವರು ರಾತ್ರಿಯಿಂದ. ಲೆನ್ಸಿಗೆ ಮುಚ್ಚಳ ಹಾಕಿ ಅದೇ ಚಳಿಯಲ್ಲಿ, ಅದೇ ಒಂದು ನಿಮಿಷದಂತೆ ಒಂದಿಪ್ಪತ್ತು ಕಪ್ಪು ಚಿತ್ರಗಳನ್ನೂ ತೆಗೆದಿದ್ದೆ. ಸೆನ್ಸರ್ ತಾನಾಗಿ ಉಂಟುಮಾಡುವ ಚುಕ್ಕೆಗಳನ್ನು ಕಳೆಯಲು ಅವು ಬೇಕು. ಲ್ಯಾಪ್‌ಟಾಪ್ ಹಳೆಯದು, ಒಂದು ಪೇರಿಕೆಗೆ ಇಡೀ ಸಂಜೆ ತೆಗೆದುಕೊಂಡು ಫ್ಯಾನ್ ಹೊಡೆದುಕೊಳ್ಳುತ್ತಿತ್ತು.

ವ್ಯಾಧನ ಕತ್ತಿಯ ಮೋಡ ನೇರಳೆ ಗುಲಾಬಿಯಾಗಿ ಅರಳಿತು. ನಿಜಕ್ಕೂ ಅದು ಇನ್ನೂ ಕೆಂಪು. ಮಾಮೂಲಿ ಕ್ಯಾಮೆರಾಗಳ ಸೆನ್ಸರಿನ ಮುಂದಿರುವ ಗಾಜು ಜಲಜನಕದ ಆ ಗಾಢ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ಆ ಗಾಜನ್ನು ಬಿಚ್ಚಿಸುವವರಿದ್ದಾರೆ, ನಾನಂತೂ ಬಿಚ್ಚಿಸುವುದಿಲ್ಲ, ಇದೇ ಕ್ಯಾಮೆರಾದಲ್ಲಿ ಮನೆಯ ನಾಮಕರಣ, ಆರತಿಗಳ ಚಿತ್ರವನ್ನೂ ತೆಗೆಯಬೇಕು. ಒಮೇಗಾ ಸೆಂಟಾರಿ ಚೆನ್ನಾಗಿ ಬಂತು. ಆಕಾಶಗಂಗೆ ಅಷ್ಟಕ್ಕಷ್ಟೆ, ಕೆಳಗಿನ ಕಂಚಿನ ಬೆಳಕನ್ನು ಸಿರಿಲ್‌ನಲ್ಲಿ ಅಳಿಸಿದರೆ ಜೊತೆಗೆ ಧೂಳಿನ ನವಿರು ಗೆರೆಗಳೂ ಹೋಗುತ್ತಿದ್ದವು. ಅರ್ಧ ಅಳಿಸಿ ಅರ್ಧ ಬಿಟ್ಟೆ.

ಮೂರೂ ಚಿತ್ರಗಳನ್ನು ಅಕ್ಕನ ಮಗನಿಗೆ ವಾಟ್ಸ್ಯಾಪ್ ಮಾಡಿದೆ. ತಾನು ಇಟ್ಟಿಗೆ ನಡುವೆ ತೆಗೆದದ್ದನ್ನೇ ಅವನು ಡಿಪಿ ಮಾಡಿಕೊಂಡಿದ್ದ, ನನ್ನವಕ್ಕೆ ಒಂದು ಹೆಬ್ಬೆರಳು ಬಂತು. ಆಮೇಲೆ ಅಕ್ಕನ ದನಿ:

"ಛಲೋ ಬಂದಾವು ತಂಗೆವ್ವ. ಆದ್ರ ಆ ಹೊಳಿ ಕಡೀದು ಮಬ್ಬಾಗೇತಿ. ಯುಗಾದಿಗೆ ಬಾ, ಅಮಾಸಿ ಮರುದಿನಾನ ಹಬ್ಬ. ಹೋಳಿಗಿ ಮಾಡ್ತೀವಿ. ನಮ್ಮತ್ತಿ ಕೇಳಾಕತ್ತಾರ, ಮಿರಗ ಅಷ್ಟೊತ್ತಿಗೆ ಮನ್ಯಾಗ ಇರ್ತದೋ ಇಲ್ಲೋ ಅಂತ."

ಸ್ಟೆಲೇರಿಯಂ ತೆಗೆದು ಮಾರ್ಚ್ 19ಕ್ಕೆ ತಿರುಗಿಸಿದೆ. ಮೃಗಶಿರ ಸಂಜೆ ಪಶ್ಚಿಮಕ್ಕೆ ವಾಲಿದ್ದರೂ ಇರುತ್ತದೆ, ನಡುರಾತ್ರಿಗೆ ಇಳಿಯುತ್ತದೆ. ಆಕಾಶಗಂಗೆಯ ನಡುಭಾಗ ರಾತ್ರಿ ಒಂದಕ್ಕೇ ಏಳುತ್ತದೆ, ಬೆಳಗಾಗುವಷ್ಟರಲ್ಲಿ ಕಾರ್ಖಾನೆಯ ಬೆಳಕಿನಿಂದ ಎಷ್ಟೋ ಎತ್ತರ. ಅಜ್ಜಿಗೆ ಇರುತ್ತದೆ ಅನ್ನಿ, ಸಂಜೆ ಬೇಗ ಮಾಳಿಗೆಗೆ ಬರಲಿ ಎಂದು ಉತ್ತರ ಕಳಿಸಿ ಹಂಪಿ ಎಕ್ಸ್‌ಪ್ರೆಸ್ಸಿನ ಟಿಕೆಟ್ ನೋಡಿದೆ. ಹಬ್ಬದ ಹಿಂದಿನ ರಾತ್ರಿಗೆ ವೇಟಿಂಗ್ ಲಿಸ್ಟ್ 47.